ತಿರುವಿನಲ್ಲಿ ಕೇಳುವ ಸದ್ದು: ಘಟ್ಟ ಇಳಿಯುವ ಕಾರುಗಳ ಮಾಲೀಕರಿಗೊಂದು ಬಹಿರಂಗ ಪತ್ರ

ಮಲೆನಾಡಿನಲ್ಲಿ ಕಾರು ಇಟ್ಟುಕೊಂಡು ಆಗಾಗ ಘಟ್ಟ ಇಳಿದು ಹತ್ತುವ ಎಲ್ಲ ಬಂಧುಗಳಿಗೆ,



ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿದೆ. ಹದಿನಾರನೇ ವಯಸ್ಸಿಗೆ ಕೈಗೆ ಹಿಡಿದ ಪಾನಾ ಇವತ್ತಿನವರೆಗೂ ಕೆಳಗಿಟ್ಟಿಲ್ಲ. ಪತ್ರ ಬರೆದು ಅಭ್ಯಾಸವಿಲ್ಲದವನು ಈಗ ಬರೆಯಲು ಕೂತಿದ್ದೇನೆ. ಕಾರಣ ಒಂದೇ. ಕಾರು ತಿರುಗಿಸುವಾಗ ಗರಗರ, ಕರಕರ, ಕಟಕಟ ಎಂದು ಸದ್ದು ಬರುತ್ತಿದ್ದರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೆಯೇ ಓಡಿಸಿಕೊಂಡು ಬರುತ್ತೀರಿ. ಬಂದವರು "ಏನೋ ಒಂಚೂರು ಸೌಂಡು ಬರ್ತಿದೆ, ನೋಡಿ" ಎಂದು ಕೀಲಿಕೈ ಕೊಟ್ಟು ಪೇಟೆಗೆ ಹೋಗಿಬಿಡುತ್ತೀರಿ. ಆ ಸದ್ದಿನ ಬಗ್ಗೆ ನನಗೆ ತಿಳಿದಿರುವುದನ್ನೆಲ್ಲ ನಿಮ್ಮ ಮುಂದಿಟ್ಟು, ಕೆಲವು ವಿಷಯಗಳನ್ನು ಕೈಮುಗಿದು ಕೇಳಿಕೊಳ್ಳಬೇಕೆಂದಿದ್ದೇನೆ.

ಮೊದಲು ಒಂದು ಘಟನೆ ಹೇಳುತ್ತೇನೆ.

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಒಬ್ಬರು ತಾಯಿಯನ್ನು ಕರೆದುಕೊಂಡು ಮಣಿಪಾಲದ ಆಸ್ಪತ್ರೆಗೆ ಹೊರಟಿದ್ದರು. ಟೈರಿಗೆ ಗಾಳಿ ನೋಡಿಸಲೆಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಕಾಲು ಆಡಿಸಲು ಕೆಳಗಿಳಿದವರು ನನ್ನ ಹತ್ತಿರ ಬಂದು, "ತಮ್ಮಾ, ಈ ಕಾರಿನ ಅಡಿಗೆ ಯಾರೋ ಬೀಸ್ತಾ ಇದ್ದ ಹಾಗೆ ಕೇಳ್ತದೆ" ಎಂದರು. ಮಗ ಮುಜುಗರದಿಂದ, "ಅಮ್ಮಾ, ಅದು ರಸ್ತೆ ಸೌಂಡು, ಸುಮ್ನಿರು" ಅಂದರು. ನಾನು ಅಜ್ಜಿಯನ್ನೇ ಕೇಳಿದೆ: "ಯಾವಾಗ ಕೇಳ್ತದೆ ಅಮ್ಮ?" ಅವರು ಹೇಳಿದ್ದನ್ನು ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಅಷ್ಟು ಸ್ಪಷ್ಟವಾಗಿ ಹೇಳಿದ್ದಿಲ್ಲ. "ಬಲಗಡೆ ಹೊರಳಿದಾಗ ಜೋರು. ಎಡಗಡೆ ಹೊರಳಿದ್ರೆ ಸುಮ್ಮನಾಗ್ತದೆ. ಕಾಳು ಇದ್ದು ಬೀಸಿದ ಸದ್ದಲ್ಲ ತಮ್ಮಾ, ಖಾಲಿ ಕಲ್ಲು ತಿರುಗಿಸಿದ ಸದ್ದು."

ಬೀಸುಕಲ್ಲು ಹಿಡಿದು ಬೆಳೆದವರಿಗೆ ಆ ಎರಡು ಸದ್ದಿನ ವ್ಯತ್ಯಾಸ ಗೊತ್ತು. ನಡುವೆ ಕಾಳಿದ್ದರೆ ಸದ್ದು ಮೆತ್ತಗೆ, ತುಂಬಿಕೊಂಡಂತೆ ಇರುತ್ತದೆ. ಕಾಳು ಮುಗಿದರೆ ಕಲ್ಲಿಗೆ ಕಲ್ಲು ತಾಗಿ ಹಲ್ಲು ಜುಮ್ಮೆನ್ನುತ್ತದೆ. ಚಕ್ರದ ಬೇರಿಂಗಿನಲ್ಲಿ ಗ್ರೀಸು ಹೋದಾಗ ಆಗುವುದು ಇದೇ. ಒಳಗಿನ ಉಕ್ಕಿನ ಗುಂಡುಗಳು ಗ್ರೀಸಿನ ಪದರದ ಮೇಲೆ ಉರುಳಬೇಕು. ಆ ಪದರ ಹೋದ ಮೇಲೆ ಗುಂಡೂ ಅದು ಓಡುವ ಹಾದಿಯೂ ಒಂದನ್ನೊಂದು ತಿನ್ನುತ್ತವೆ.

ಬಲಕ್ಕೆ ತಿರುಗಿದಾಗ ಜೋರಾಗುತ್ತದೆ ಎಂದ ಮೇಲೆ ನಾನು ನೋಡಿದ್ದು ಎಡಗಡೆಯ ಮುಂದಿನ ಚಕ್ರವನ್ನು. ಕಾರು ಬಲಕ್ಕೆ ಹೊರಳಿದಾಗ ಮೈ ಎಡಕ್ಕೆ ವಾಲಿ ಭಾರವೆಲ್ಲ ಎಡ ಚಕ್ರದ ಮೇಲೆ ಬೀಳುತ್ತದೆ. ಸೋತ ಬೇರಿಂಗ್ ಭಾರ ಬಿದ್ದಾಗಲೇ ಕೂಗುವುದು. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ ಚಕ್ರ ತಿರುಗಿಸಿದೆ. ಇನ್ನೊಂದು ಕೈಯನ್ನು ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಮೇಲಿಟ್ಟಿದ್ದೆ. ಸ್ಪ್ರಿಂಗಿನ ತುಂಬ ಮರಳು ಹರಿದಂಥ ನಡುಕ. ಬಲಗಡೆಯ ಸ್ಪ್ರಿಂಗ್ ಹಿಡಿದರೆ ತಣ್ಣಗೆ, ಏನೂ ಇಲ್ಲ. ಮತ್ತೆ ಎಡ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದೆ. ಕಟ್, ಕಟ್ ಎಂದು ಆಡಿತು. ಮಗನನ್ನು ಕರೆದು ಬ್ರೇಕ್ ತುಳಿದು ಹಿಡಿಯಲು ಹೇಳಿದೆ. ಬ್ರೇಕ್ ತುಳಿದಾಗ ಆಟ ನಿಂತಿತು. ಅಂದರೆ ಬೇರಿಂಗೇ. ಬ್ರೇಕ್ ತುಳಿದರೂ ಆಡುತ್ತಿದ್ದರೆ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಬಾಲ್ ಜಾಯಿಂಟನ್ನು ನೋಡಬೇಕಾಗಿತ್ತು.

ಆ ಕಾರು ಇನ್ನು ಒಂದು ತಾಸಿನೊಳಗೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವುದರಲ್ಲಿತ್ತು, ಅದೂ ಮಳೆಯಲ್ಲಿ. ನಾನು ಕೀಲಿಕೈ ಕೊಡಲಿಲ್ಲ. ಬೇರೆ ಕಾರು ಮಾಡಿಸಿ ಕಳಿಸಿದೆ. ಸಂಜೆ ವಾಪಸ್ಸು ಬಂದು ಬಿಚ್ಚಿಟ್ಟ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿದ ಮಗ ಬಹಳ ಹೊತ್ತು ಮಾತಾಡಲಿಲ್ಲ. ಸದ್ದು ಶುರುವಾಗಿ ಎರಡು ತಿಂಗಳಾಗಿತ್ತಂತೆ. ಅಜ್ಜಿ ಮೊದಲ ದಿನದಿಂದಲೂ ಹೇಳುತ್ತಲೇ ಇದ್ದರಂತೆ.

ಬಂಧುಗಳೇ, ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತವರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. ದಿನಾ ಓಡಿಸುವವರ ಕಿವಿಗೆ ಸದ್ದು ನಿಧಾನವಾಗಿ ಒಗ್ಗಿಹೋಗಿರುತ್ತದೆ. ಒಂದೇ ದಿನ ಹುಟ್ಟುವ ಸದ್ದಲ್ಲ ಅದು. ದಿನಕ್ಕೆ ಎಳ್ಳಷ್ಟು ಬೆಳೆಯುತ್ತದೆ. ಅಪರೂಪಕ್ಕೆ ಹತ್ತುವ ಅತ್ತೆಗೋ ಮಕ್ಕಳಿಗೋ ಅದು ಥಟ್ಟನೆ ಕೇಳುತ್ತದೆ.

ಹಾಗಂತ ತಿರುವಿನಲ್ಲಿ ಬರುವ ಸದ್ದೆಲ್ಲ ಬೇರಿಂಗಲ್ಲ. ಎಲ್ಲ ಸದ್ದೂ ಅಪಾಯದ್ದಲ್ಲ. ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಯಾವುದು ಯಾವುದೆಂದು ಗೊತ್ತಿದ್ದರೆ ಅನಗತ್ಯ ಖರ್ಚೂ ಉಳಿಯುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ವಾರ ನಿಲ್ಲಿಸಿದ ಕಾರನ್ನು ತೆಗೆದ ಕೂಡಲೇ ಗರ್ರ್ ಎಂದರೆ ಬ್ರೇಕ್ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಅದು. ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ಹೋಗುತ್ತದೆ. ಜಲ್ಲಿ ಹಾಕಿದ ತೋಟದ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ಕಿವಿ ಸೀಳುವ ಹಾಗೆ ಕೀರಲು ಶುರುವಾದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡಿರುತ್ತದೆ. ನಿಧಾನವಾಗಿ ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಮಾಡಿದರೆ ಎಷ್ಟೋ ಸಲ ಉದುರಿಬೀಳುತ್ತದೆ. ಬೀಳದಿದ್ದರೆ ಚಕ್ರ ಬಿಚ್ಚಿ ತಗಡನ್ನು ಒಂದೆಳೆ ಬಗ್ಗಿಸಿ ತೆಗೆದರಾಯಿತು. ಬಂಪಿಗೆ ಹೊಡೆದು ಆ ತಗಡೇ ಬಾಗಿ ಡಿಸ್ಕಿಗೆ ಉಜ್ಜುತ್ತಿದ್ದರೂ ಅಷ್ಟೇ, ಸ್ಕ್ರೂಡ್ರೈವರಿನಿಂದ ಸರಿ ಮಾಡುವ ಕೆಲಸ. ಇಂಥದ್ದಕ್ಕೆ ಯಾರಾದರೂ ದೊಡ್ಡ ಬಿಲ್ ಕೊಟ್ಟರೆ ದುಡ್ಡು ಕೊಡಬೇಡಿ. ಟೈರು ಅಳತೆಗಿಂತ ದಪ್ಪದ್ದು ಹಾಕಿಸಿದ್ದರೆ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ಸರ್ರ್ ಎನ್ನುತ್ತದೆ. ಪ್ಲಾಸ್ಟಿಕ್ ಮೇಲೆ ಉಜ್ಜಿದ ಹೊಳಪು ಕಣ್ಣಿಗೇ ಕಾಣುತ್ತದೆ.

ಬ್ರೇಕ್ ಪ್ಯಾಡಿನ ಮಾತು ಬೇರೆ. ಹೊಸ ಪ್ಯಾಡಿನ ಮಂದ ಸುಮಾರು 10 ಮಿಲಿಮೀಟರ್ ಇರುತ್ತದೆ. 3ಕ್ಕೆ ಬಂತೆಂದರೆ ಬದಲಿಸಿಬಿಡಬೇಕು. ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿಂಯ್ ಎಂದು ಕೂಗಲೆಂದೇ ಇಟ್ಟಿದ್ದು. ಆ ಕೂಗನ್ನು ಕೇಳಿಯೂ ಓಡಿಸಿದರೆ ಪ್ಯಾಡು ಪೂರ್ತಿ ಮುಗಿದು ಅದರ ಹಿಂದಿನ ಕಬ್ಬಿಣ ಡಿಸ್ಕನ್ನು ಕೆರೆಯುತ್ತದೆ. ಆಗ ತಿರುಗಿಸಿದಾಗಲೂ ಗರಗರ, ಬ್ರೇಕ್ ತುಳಿದಾಗಲಂತೂ ಇನ್ನೂ ಜೋರು. ಘಟ್ಟ ಇಳಿಯುವವರ ಪ್ಯಾಡು ಬೇಗ ಸವೆಯುವುದಕ್ಕೆ ಅರ್ಧ ಕಾರಣ ಗೇರು. ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿ ಹಿಡಿದುಕೊಂಡೇ ಇಳಿಯುತ್ತೀರಿ. ಸೆಕೆಂಡ್ ಗೇರಿನಲ್ಲಿ ಇಳಿಯಿರಿ, ಎಂಜಿನ್ ಹಿಡಿದುಕೊಳ್ಳಲಿ.

ಈಗ ಕಟಕಟ ಸದ್ದಿಗೆ ಬರುತ್ತೇನೆ. ಇದು ನನಗೆ ಕೆಲಸ ಕಲಿಸಿದ ಮೇಸ್ತ್ರಿಯವರ ಕಾಲದಲ್ಲಿ ಇರಲಿಲ್ಲ. ಅವರು ಕೈಪಳಗಿಸಿಕೊಂಡಿದ್ದು ಅಂಬಾಸಿಡರ್, ಪದ್ಮಿನಿಗಳ ಮೇಲೆ. ಆ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಮುಂದಿನವಕ್ಕೆ ಹೊರಳುವ ಕೆಲಸ ಮಾತ್ರ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಮೇಲೆ ನಮ್ಮ ರಸ್ತೆಯ ಕಾರುಗಳ ಸ್ವಭಾವವೇ ಬದಲಾಯಿತು. ಮುಂದಿನ ಚಕ್ರವೇ ಎಳೆಯಬೇಕು, ಅದೇ ಹೊರಳಬೇಕು. ಓರೆಯಾಗಿ ನಿಂತ ಚಕ್ರಕ್ಕೂ ಒಂದೇ ವೇಗದಲ್ಲಿ ತಿರುಗುವ ಶಕ್ತಿ ಮುಟ್ಟಬೇಕೆಂದರೆ ಎಕ್ಸಲಿನ ತುದಿಯಲ್ಲಿ ಒಂದು ವಿಶೇಷ ಕೀಲು ಬೇಕು. ಅದೇ ಸಿವಿ ಜಾಯಿಂಟ್. ಸಾಮಾನ್ಯವಾಗಿ ಚಕ್ರದ ಕಡೆಯ ಕೀಲಿನಲ್ಲಿ 6 ಉಕ್ಕಿನ ಗುಂಡುಗಳು ತಮ್ಮ ತಮ್ಮ ಕಾಲುವೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುತ್ತ ತಿರುಗುತ್ತವೆ. ಇಡೀ ಕೀಲಿಗೆ ಮಡಿಕೆ ಮಡಿಕೆಯ ರಬ್ಬರ್ ಬೂಟು ತೊಡಿಸಿ ಒಳಗೆ ಕಪ್ಪು ಗ್ರೀಸ್ ತುಂಬಿರುತ್ತಾರೆ.

ಕೆಡುವುದು ಮೊದಲು ಆ ಬೂಟು. ಒಂದು ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಚಕ್ರ ತಿರುಗಿದಂತೆ ಗ್ರೀಸು ಆ ಬಿರುಕಿನಿಂದ ಚಿಮ್ಮಿ ರಿಮ್ಮಿನ ಒಳಮೈಗೆ ಬಳಿದುಕೊಳ್ಳುತ್ತದೆ. ಹೊರಹೋದ ಗ್ರೀಸಿನ ಜಾಗಕ್ಕೆ ನಮ್ಮ ಕೆಂಪು ಮಣ್ಣಿನ ನೀರು ಬರುತ್ತದೆ. ಮಣ್ಣೂ ಗ್ರೀಸೂ ಕಲಸಿದರೆ ಪಾತ್ರೆ ಉಜ್ಜುವ ಬೂದಿಯ ಹಾಗೆ. ಗುಂಡುಗಳನ್ನು ಉಜ್ಜುತ್ತ ಹೋಗುತ್ತದೆ. ಕೆಲವು ತಿಂಗಳಿಗೆ ನೀವು ಪೇಟೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಲರೇಟರ್ ಕೊಟ್ಟಾಗ ಕಟ, ಕಟ, ಕಟ. ನೇರ ಹೋದರೆ ಸದ್ದಿಲ್ಲ. ಆ ಹಂತಕ್ಕೆ ಬಂದ ಮೇಲೆ ಹೊಸ ಗ್ರೀಸ್ ತುಂಬಿ ಹೊಸ ಬೂಟು ಹಾಕಿದರೂ ಉಪಯೋಗವಿಲ್ಲ. ಜಾಯಿಂಟೇ ಹೋಗಬೇಕು, ಹಲವು ಕಾರುಗಳಲ್ಲಿ ಇಡೀ ಎಕ್ಸಲ್ಲೇ. ಬಿರುಕು ಬಿಟ್ಟ ವಾರದಲ್ಲೇ ಕಂಡಿದ್ದರೆ ಕೆಲವು ನೂರು ರೂಪಾಯಿಯ ಬೂಟಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಸಾವಿರಗಳ ಲೆಕ್ಕ.

ಅದಕ್ಕೇ ನನ್ನ ಒಂದು ಕೋರಿಕೆ: ಪಂಕ್ಚರ್ ಹಾಕಿಸುವಾಗ, ಗಾಳಿ ಹಿಡಿಸುವಾಗ, ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಮೊಬೈಲಿನ ಟಾರ್ಚ್ ಹಾಕಿ ಚಕ್ರದ ಹಿಂದೆ ಒಮ್ಮೆ ಇಣುಕಿ. ರಿಮ್ಮಿನ ಒಳಗಡೆ ಕಪ್ಪಗೆ ಜಿಡ್ಡು ಚಿಮ್ಮಿದೆಯೇ ನೋಡಿ. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಬಗ್ಗುವ ಸೊಂಟ, ನೋಡುವ ಮನಸ್ಸು ಇದ್ದರೆ ಸಾಕು.

ಕಾರು ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೂ ಕರಕರ ಎಂದರೆ ಹುಡುಕಬೇಕಾದ ಜಾಗವೇ ಬೇರೆ. ಒಬ್ಬರು ಸ್ಟೇರಿಂಗ್ ತಿರುಗಿಸಲಿ, ಇನ್ನೊಬ್ಬರು ಹೊರಗಿನಿಂದ ಸ್ಪ್ರಿಂಗಿನ ಮೇಲೆ ಬೆರಳಿಡಲಿ. ಸ್ಪ್ರಿಂಗು ತಿರುಚಿಕೊಳ್ಳುತ್ತ ಹೋಗಿ ಟಂಗ್ ಎಂದು ಬಿಟ್ಟುಕೊಂಡರೆ ಶಾಕ್ ಅಬ್ಸಾರ್ಬರಿನ ನೆತ್ತಿಯ ಮೇಲಿರುವ ಬೇರಿಂಗ್ ಹಿಡಿದಿದೆ ಎಂದರ್ಥ. ಎಣ್ಣೆಯಿಂದ ಕೆಲಸ ಮಾಡುವ ಪವರ್ ಸ್ಟೇರಿಂಗ್ ಇದ್ದು, ಕೊನೆಯವರೆಗೆ ತಿರುಗಿಸಿದಾಗ ಹೂಂ ಎಂದು ನರಳಿದರೆ ಎಣ್ಣೆ ಕಮ್ಮಿಯಾಗಿರಬಹುದು, ಬೆಲ್ಟು ಸಡಿಲವಾಗಿರಬಹುದು. ಯಾವ ಎಣ್ಣೆ ಎಂದು ಡಬ್ಬಿಯ ಮುಚ್ಚಳದ ಮೇಲೋ ಕಾರಿನ ಪುಸ್ತಕದಲ್ಲೋ ನೋಡಿಯೇ ಹಾಕಬೇಕು. ಸ್ಟೇರಿಂಗನ್ನು ಕೊನೆಯಲ್ಲಿ ಒತ್ತಿ ಹಿಡಿದುಕೊಂಡು ನಿಲ್ಲಬೇಡಿ, ಪಂಪಿಗೆ ಅದು ಹಿಂಸೆ. ಈಚಿನ ಬಹುಪಾಲು ಸಣ್ಣ ಕಾರುಗಳಿಗೆ ಕರೆಂಟಿನ ಪವರ್ ಸ್ಟೇರಿಂಗ್ ಇದೆ, ಅದಕ್ಕೆ ಎಣ್ಣೆಯೇ ಇಲ್ಲ. ಇಲ್ಲದ ಎಣ್ಣೆ ಬದಲಿಸಿದ್ದಕ್ಕೆ ದುಡ್ಡು ಕೊಟ್ಟು ಬಂದವರನ್ನು ನಾನು ಕಂಡಿದ್ದೇನೆ, ಬೇಸರವಾಗುತ್ತದೆ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷದ ಹಿಂದೆ ಸಂತೆಯ ದಿನ ಪೇಟೆಯಲ್ಲಿ ಒಂದು ಬಾಡಿಗೆ ಕಾರು ತಿರುವಿನಲ್ಲೇ ಕುಸಿದು ಕೂತಿತು. ಹೋಗಿ ನೋಡಿದರೆ ಮುಂದಿನ ಚಕ್ರ ಮುರಿದ ಕಾಲಿನ ಹಾಗೆ ಹೊರಗೆ ಮಲಗಿತ್ತು. ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಕಳಚಿತ್ತು. ಜನಸಂದಣಿಯ ನಡುವೆ ಕಾರು ಇರುವೆಯ ಹಾಗೆ ಹೋಗುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಓಡಿಸುತ್ತಿದ್ದ ಹುಡುಗ ರಸ್ತೆ ಬದಿಯಲ್ಲಿ ಕೂತು ನಡುಗುತ್ತಿದ್ದ. ಹಿಂದಿನ ದಿನ ಅದೇ ಕಾರಿನಲ್ಲಿ ಹೆಬ್ರಿಗೆ ಹೋಗಿ ಬಂದಿದ್ದನಂತೆ. "ಮೂರು ವಾರದಿಂದ ಕಟ್ ಕಟ್ ಅಂತಿತ್ತು ಅಣ್ಣಾ" ಎಂದ. ಯಾಕೆ ತೋರಿಸಲಿಲ್ಲ ಎಂದರೆ, "ಹೇಳಿದ್ರೆ ನೀನೇ ಹಾಳು ಮಾಡಿದ್ದು ಅಂತಾರೆ, ಸಂಬಳದಲ್ಲಿ ಹಿಡೀತಾರೆ" ಎಂದ.

ಬಾಡಿಗೆಗೆ ಕಾರು ಬಿಟ್ಟಿರುವ ಮಾಲೀಕರೇ, ಈ ಮಾತು ನಿಮಗೆ. ಬೇರಿಂಗು, ಬೂಟು, ಬಾಲ್ ಜಾಯಿಂಟು, ಬುಷ್ಷು ಇವೆಲ್ಲ ಸವೆಯಲೆಂದೇ ಇರುವ ಸಾಮಾನುಗಳು. ಚಪ್ಪಲಿ ಸವೆದಂತೆ ಸವೆಯುತ್ತವೆ. ಚಾಲಕ ಬಂದು "ಸದ್ದು ಬರ್ತಿದೆ" ಎಂದರೆ ಅವನು ತಪ್ಪು ಒಪ್ಪಿಕೊಳ್ಳುತ್ತಿಲ್ಲ, ನಿಮ್ಮ ಕಾರನ್ನೂ ಅದರಲ್ಲಿ ಕೂತವರನ್ನೂ ಕಾಯುತ್ತಿದ್ದಾನೆ. ಅವನಿಗೆ ಗದರಬೇಡಿ. ಅವನ ಸಂಬಳ ಮುಟ್ಟಬೇಡಿ. ಹೇಳಿದ ದಿನವೇ ಕಾರು ಗ್ಯಾರೇಜಿಗೆ ಬರಲಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಿದೆಯಲ್ಲ ಎನ್ನಬೇಡಿ. ಹಳದಿ ಬೋರ್ಡಿನ ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ಎರಡು ಎಫ್‌ಸಿಗಳ ನಡುವೆ ಬೇರಿಂಗ್ ಹೋಗಲು ಒಂದು ಮಳೆಗಾಲ ಸಾಕು. ಸ್ವಂತ ಕಾರಿನವರಿಗಂತೂ ಮೊದಲ 15 ವರ್ಷ ಆ ತಪಾಸಣೆಯೂ ಇಲ್ಲ. ಅಷ್ಟೂ ವರ್ಷ ಅದರ ತಪಾಸಣೆ ನಿಮ್ಮ ಕಣ್ಣು ಕಿವಿಗಳ ಮೇಲೇ ನಿಂತಿದೆ.

ಮಳೆಗಾಲದ ಮಾತು ಬಂತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸಿನ ಮಳೆ. ಹಳ್ಳ ತುಂಬಿ ರಸ್ತೆಗೆ ಬಂದಾಗ ಧೈರ್ಯ ಮಾಡಿ ದಾಟಿಸಿಬಿಡುತ್ತೀರಿ. ಓಡಿ ಬಿಸಿಯಾದ ಬೇರಿಂಗು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲು ಸ್ವಲ್ಪ ಸಡಿಲವಿದ್ದರೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆವತ್ತೇ ಏನೂ ಕೇಳುವುದಿಲ್ಲ. ಒಳಗೆ ತುಕ್ಕು ಹಿಡಿದು, ದೀಪಾವಳಿಯ ಹೊತ್ತಿಗೆ ಗುಂಯ್ ಎನ್ನಲು ಶುರು. ಕೆಲವರು, "ಸ್ವಲ್ಪ ಗ್ರೀಸ್ ಹಾಕಿ ಕೊಡಿ, ಸದ್ಯಕ್ಕೆ ಸಾಕು" ಎನ್ನುತ್ತೀರಿ. ಅಂಬಾಸಿಡರ್ ಕಾಲದಲ್ಲಿ ಸರ್ವಿಸಿಗೆ ಬಂದಾಗಲೆಲ್ಲ ಗ್ರೀಸ್ ಗನ್ ಹಿಡಿದು ಕೂರುತ್ತಿದ್ದುದು ನಿಜ. ಈಗಿನ ಕಾರುಗಳ ಮುಂದಿನ ಚಕ್ರದ ಬೇರಿಂಗಿಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಎರಡೂ ಕಡೆ ಸೀಲು ಹೊಡೆದು ಕಳಿಸುತ್ತಾರೆ. ನಾನು ಮನಸ್ಸು ಮಾಡಿದರೂ ಒಳಗೆ ಗ್ರೀಸ್ ಹಾಕಲಾರೆ. ಹೋಯಿತೆಂದರೆ ಬದಲಿಸುವುದೊಂದೇ ದಾರಿ.

ಬದಲಿಸುವುದೂ ಸರಿಯಾಗಿ ಆಗಬೇಕು. ಇದನ್ನು ನನ್ನ ವೃತ್ತಿಯವರ ಪರವಾಗಿ ಒಪ್ಪಿಕೊಂಡೇ ಹೇಳುತ್ತಿದ್ದೇನೆ. ನಾವು ಕಲಿಯುವಾಗ ಬೇರಿಂಗನ್ನು ಸುತ್ತಿಗೆಯಿಂದ ಹೊಡೆದೇ ಕೂರಿಸುತ್ತಿದ್ದೆವು. ಒಂದು ಹಳೇ ಬೇರಿಂಗನ್ನು ಮೇಲಿಟ್ಟು ಠಣ್ ಠಣ್ ಎಂದು ಹೊಡೆದರೆ ಹೊಸದು ಒಳಗೆ ಕೂರುತ್ತಿತ್ತು. ಆದರೆ ಪ್ರತಿ ಏಟಿಗೂ ಗುಂಡುಗಳು ತಮ್ಮ ಹಾದಿಯಲ್ಲಿ ಸಣ್ಣ ಸಣ್ಣ ಕುಳಿ ಒತ್ತುತ್ತಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಅದೇ ಕಾರು ಅದೇ ಸದ್ದಿನೊಂದಿಗೆ ವಾಪಸ್ಸು. ಸಾಮಾನು ಡೂಪ್ಲಿಕೇಟು ಎಂದು ಬೈದು ಸುಮ್ಮನಾಗುತ್ತಿದ್ದೆವು. ಸರಿಯಾದ ಕ್ರಮವೆಂದರೆ ಬೇರಿಂಗನ್ನು ಹೊತ್ತಿರುವ ನಕಲ್ ಎಂಬ ಭಾಗವನ್ನು ಬಿಚ್ಚಿ, ಒತ್ತಿ ಕೂರಿಸುವ ಪ್ರೆಸ್ಸಿಗೆ ಒಯ್ಯುವುದು. ಬೇರಿಂಗನ್ನು ನಕಲಿನೊಳಗೆ ಕೂರಿಸುವಾಗ ಅದರ ಹೊರ ಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಚಕ್ರ ಕೂರುವ ಹಬ್ ಅನ್ನು ಬೇರಿಂಗಿನೊಳಗೆ ಇಳಿಸುವಾಗ ಒಳ ಬಳೆಗೆ ಕೆಳಗಿನಿಂದ ಆಸರೆ ಕೊಡಬೇಕು. ಎಬಿಎಸ್ ಇರುವ ಎಷ್ಟೋ ಕಾರುಗಳ ಬೇರಿಂಗಿನ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ. ಬರಿಗಣ್ಣಿಗೆ ಎರಡೂ ಮುಖ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ತಿರುವುಮುರುವಾಗಿ ಕೂರಿಸಿದರೆ ಸದ್ದು ಹೋಗುತ್ತದೆ, ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಕೊನೆಗೆ ಎಕ್ಸಲಿನ ನಟ್ಟು. ಹೊಸ ನಟ್ಟು ಹಾಕಿ, ಕಂಪನಿ ಹೇಳಿದ ಲೆಕ್ಕಕ್ಕೆ ಟಾರ್ಕ್ ಪಾನಾದಲ್ಲಿ ಬಿಗಿಯಬೇಕು. ಉದ್ದ ಪೈಪು ಹಾಕಿ ಜೋತುಬಿದ್ದು ಬಿಗಿಯುವುದು ಕೆಲಸವಲ್ಲ. ಸಡಿಲವಾದರೂ ಅತಿಯಾದರೂ ಹೊಸ ಬೇರಿಂಗಿನ ಆಯಸ್ಸು ಕಡಿಮೆಯಾಗುತ್ತದೆ.

ನೀವು ನಿಂತು ನೋಡಿ ಎಂದೇ ನಾನು ಹೇಳುವುದು. "ಪ್ರೆಸ್ಸಿನಲ್ಲಿ ಕೂರಿಸುತ್ತೀರಾ?" ಎಂದು ಕೇಳಿ. ಹಳೇ ಸಾಮಾನನ್ನು ಕೈಗೆ ಇಸಿದುಕೊಂಡು ತಿರುಗಿಸಿ ನೋಡಿ. ಪ್ರಾಮಾಣಿಕವಾಗಿ ಕೆಲಸ ಮಾಡುವ ಯಾವ ಮೆಕ್ಯಾನಿಕ್ಕಿಗೂ ಇದರಿಂದ ಬೇಜಾರಾಗುವುದಿಲ್ಲ.

ಆದರೆ ಅದಕ್ಕೆ ಮೊದಲು ನೀವು ನಮಗೆ ಸದ್ದನ್ನು ಸರಿಯಾಗಿ ಹೇಳಬೇಕು. ವೈದ್ಯರ ಹತ್ತಿರ ಹೋಗಿ "ಏನೋ ನೋವು" ಎಂದು ಎದ್ದು ಬರುತ್ತೀರಾ? ಎಲ್ಲಿ, ಯಾವಾಗಿಂದ, ಏನು ಮಾಡಿದರೆ ಹೆಚ್ಚು ಎಂದು ಹೇಳುತ್ತೀರಲ್ಲವೇ? ಕಾರಿಗೂ ಹಾಗೆಯೇ. ಒಂದು ಬೆಳಿಗ್ಗೆ ಹಾಡು, ಎಸಿ ಎರಡನ್ನೂ ನಿಲ್ಲಿಸಿ, ಗಾಜು ಇಳಿಸಿ, ಯಾವುದಾದರೂ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ನಿಧಾನವಾಗಿ ಹೋಗಿ. ಗೋಡೆ ಸದ್ದನ್ನು ತಿರುಗಿ ನಿಮ್ಮ ಕಿವಿಗೇ ಕೊಡುತ್ತದೆ. ಎಡಕ್ಕೆ ಹೊರಳಿದಾಗಲೋ ಬಲಕ್ಕೋ, ಪೂರ್ತಿ ತಿರುಗಿಸಿದಾಗ ಮಾತ್ರವೋ ಸ್ವಲ್ಪ ತಿರುಗಿಸಿದರೂ ಬರುತ್ತದೋ, ವೇಗದ ಜೊತೆ ಏರುತ್ತದೋ, ಬ್ರೇಕ್ ತುಳಿದರೆ ಬದಲಾಗುತ್ತದೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಮತಟ್ಟಾದ, ವಾಹನವಿಲ್ಲದ ನೇರ ರಸ್ತೆಯಲ್ಲಿ 50ರ ವೇಗಕ್ಕೆ ಹೋಗಿ ಒಂದು ಕ್ಷಣ ಕ್ಲಚ್ ತುಳಿಯಿರಿ. ಎಂಜಿನ್ ಸದ್ದು ಇಳಿದರೂ ಗುಂಯ್ ಎನ್ನುವುದು ಇಳಿಯದಿದ್ದರೆ ದೋಷ ಚಕ್ರದ ಕಡೆ ಇದೆ. ಈ ಪರೀಕ್ಷೆಯನ್ನು ಘಟ್ಟದಲ್ಲಿ ಮಾಡಲೇಬೇಡಿ. ಡಾಂಬರು ಬದಲಾದಂತೆ ಸದ್ದೂ ಬದಲಾಗುತ್ತಿದ್ದರೆ ಅದು ಟೈರಿನದ್ದಿರಬಹುದು. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿ ನೋಡಿದರೆ ತಿಳಿಯುತ್ತದೆ, ಟೈರಿನದ್ದೇ ಆದರೆ ಸದ್ದೂ ಹಿಂದಕ್ಕೆ ಹೋಗಿರುತ್ತದೆ.

ಚೀಟಿ ಕೊಟ್ಟು ಹೋಗಿಬಿಡಬೇಡಿ. ನನ್ನ ಜೊತೆ ಟ್ರಯಲ್ಲಿಗೆ ಬನ್ನಿ. ಹತ್ತು ನಿಮಿಷದ ಕೆಲಸ. ಬಲಕ್ಕೆ ತಿರುಗಿದಾಗ ಜೋರಾದರೆ ಎಡ ಬೇರಿಂಗ್ ಎಂಬ ಲೆಕ್ಕ ಬಹುಪಾಲು ಸರಿ, ಆದರೆ ಯಾವಾಗಲೂ ಅಲ್ಲ. ಹಿಂದೊಮ್ಮೆ ಗಿರಾಕಿ ಫೋನಿನಲ್ಲಿ ಹೇಳಿದ್ದನ್ನೇ ನಂಬಿ, ಸ್ಪ್ರಿಂಗ್ ಮುಟ್ಟಿ ನೋಡದೆ, ಸರಿಯಿದ್ದ ಬೇರಿಂಗನ್ನೇ ಬಿಚ್ಚಿ ಹಾಕಿದ್ದೇನೆ. ಆ ಸಾಮಾನಿನ ದುಡ್ಡನ್ನು ನಾನೇ ಕಟ್ಟಿಕೊಟ್ಟೆ. ಅವತ್ತಿನಿಂದ ಎರಡೂ ಚಕ್ರ ಎತ್ತಿ ಹೋಲಿಸಿ ನೋಡದೆ ಪಾನಾ ಹಚ್ಚುವುದಿಲ್ಲ.

ನೀವೇ ಚಕ್ರ ಎತ್ತಿ ನೋಡುವುದಾದರೆ ಸಮನೆಲದಲ್ಲಿ ನೋಡಿ. ಹ್ಯಾಂಡ್ ಬ್ರೇಕ್ ಎಳೆದು, ಬೇರೆ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಜಾಕನ್ನು ನಂಬಿ ಕಾರಿನಡಿ ಕೈಕಾಲು ತೂರಿಸಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ನಮಗೇ ಬಿಡಿ.

ಚಕ್ರ ಹಿಡಿದು ಅಲ್ಲಾಡಿಸಿದಾಗ ಆಡುತ್ತದೆ ಎಂದಾದರೆ ಕಾರು ನಿಂತಲ್ಲಿಂದ ಕದಲಬಾರದು. "ನಿಧಾನಕ್ಕೆ ಹೋಗ್ತೀನಿ, ಮದುವೆ ಮುಗಿಸಿ ಬಂದು ಬಿಡ್ತೀನಿ" ಎನ್ನಬೇಡಿ. ಫೋನ್ ಮಾಡಿ, ಗ್ಯಾರೇಜಿನವರೇ ನೀವಿದ್ದಲ್ಲಿಗೆ ಬರುತ್ತಾರೆ. ಘಟ್ಟದ ಕೆಳಗಿನ ಸೋಮೇಶ್ವರದವರು, ಹೆಬ್ರಿಯವರು ಹತ್ತುವ ಮೊದಲು, ಮೇಲಿನ ನಾವು ಇಳಿಯುವ ಮೊದಲು, ಸದ್ದಿರುವ ಕಾರನ್ನು ಒಮ್ಮೆ ತೋರಿಸಿಯೇ ಹೊರಡಬೇಕೆಂಬುದು ನನ್ನ ಕಳಕಳಿಯ ಬೇಡಿಕೆ.

ಈ ಸಲ ಮುಂಗಾರು ಹಿಡಿಯುವ ಮೊದಲು, ಮೇ ತಿಂಗಳ ಪ್ರತಿ ಭಾನುವಾರ ಬೆಳಿಗ್ಗೆ, ಯಾರ ಕಾರಾದರೂ ಸರಿ, ಚಕ್ರ ಎತ್ತಿ ಬೇರಿಂಗು, ಬೂಟು, ಬಾಲ್ ಜಾಯಿಂಟು, ಪ್ಯಾಡು ನೋಡಿ ಹೇಳುತ್ತೇನೆ. ನೋಡಿದ್ದಕ್ಕೆ ದುಡ್ಡು ಬೇಡ. ರಿಪೇರಿಯನ್ನು ನನ್ನಲ್ಲೇ ಮಾಡಿಸಬೇಕೆಂದೂ ಇಲ್ಲ. ಚೀಟಿ ಬರೆದುಕೊಂಡು ಬನ್ನಿ. ಮನೆಯಲ್ಲಿ ಹಿಂದಿನ ಸೀಟಿನಲ್ಲಿ ಕೂರುವ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಅವರು ಕೂರಲು ನೆರಳಿನಲ್ಲಿ ಬೆಂಚು ಹಾಕಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,

ಒಬ್ಬ ಗ್ಯಾರೇಜ್ ಮೇಸ್ತ್ರಿ
ತೀರ್ಥಹಳ್ಳಿ